ಕಂಪನಿಯ ‘ಎರಡು ಪರ್ಸೆಂಟ್’ ನಮ್ಮೂರಿಗೇ ಬರಬೇಕಲ್ಲವೇ?

ಪ್ರಶ್ನೆ: ನಮ್ಮೂರ ಪಕ್ಕ ದೊಡ್ಡ ಕಂಪನಿಯೊಂದಿದೆ. ಅದರ ಎರಡು ಪರ್ಸೆಂಟ್ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣ ಕಾನೂನಿನ ಪ್ರಕಾರ ನಮ್ಮ ಪಂಚಾಯತಕ್ಕೇ ಸೇರಬೇಕಲ್ಲವೇ?

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ ಇದೇ ಪ್ರಶ್ನೆ. ಉತ್ತರವೂ ಹಳೆಯದೇ: ಇಲ್ಲ.

ಮೊದಲು ಆ ಎರಡು ಪರ್ಸೆಂಟ್. ಅದು ವಹಿವಾಟಿನದ್ದಲ್ಲ ಮಾರಾಯರೇ! 2013ರ ಕಂಪನಿ ಕಾಯ್ದೆಯ 135ನೇ ಕಲಂ ಹೇಳುವುದು, ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ಎರಡು ಪರ್ಸೆಂಟ್. 400 ಕೋಟಿ ವಹಿವಾಟಿನ ಕಂಪನಿಗೆ ಮೂರು ವರ್ಷ 6, 8, 10 ಕೋಟಿ ಲಾಭ ಬಂತು ಅನ್ನಿ. ಸರಾಸರಿ 8 ಕೋಟಿ, ಖರ್ಚು ಮಾಡಬೇಕಾದ್ದು 16 ಲಕ್ಷ. ಅರಳಿಕಟ್ಟೆಯ ಲೆಕ್ಕದಲ್ಲಿ ಅದು 8 ಕೋಟಿ ಆಗಿರುತ್ತದೆ, ಬರೋಬ್ಬರಿ ಐವತ್ತು ಪಟ್ಟು. ಇದೂ ಎಲ್ಲ ಕಂಪನಿಗಳಿಗಿಲ್ಲ. ಹಿಂದಿನ ವರ್ಷ ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನಾದರೂ ಮುಟ್ಟಿರಬೇಕು. ಅಡಿಕೆ ಸೊಸೈಟಿಗೆ ಹೋಗಿ ಸಿಎಸ್‌ಆರ್ ಕೇಳುವವರೂ ಇದ್ದಾರೆ. ಅದು ಸಹಕಾರಿ ಸಂಘ, ಈ ಕಲಂ ಅದಕ್ಕಿಲ್ಲ. ಸದಸ್ಯರಾಗಿದ್ದರೆ ವಾರ್ಷಿಕ ಮಹಾಸಭೆಯಲ್ಲಿ ಕೇಳಿ.

ಇನ್ನು ‘ನಮ್ಮೂರಿಗೇ’. ಕಂಪನಿ ಇರುವ ಜಾಗ ಮತ್ತು ಸುತ್ತಮುತ್ತ ಆದ್ಯತೆ ಕೊಡಬೇಕೆಂದು ಕಾಯ್ದೆಯಲ್ಲಿರುವುದು ನಿಜ. ಆದರೆ ಅದು ಕಡ್ಡಾಯವಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ‘ನಮ್ಮ ಹಕ್ಕು’ ಎಂದು ಶುರುವಾಗುವ ಅರ್ಜಿಗೆ ಕಾನೂನಿನ ಬಲವಿಲ್ಲ.

ಸಂಘದ ಮೂಲಕ ಹಣ ಬರಬೇಕಿದ್ದರೆ ಬರೀ ನೋಂದಣಿ ಪತ್ರ ಸಾಲದು. ಸಾಮಾನ್ಯವಾಗಿ ಸಂಘಕ್ಕೂ ದಾನಿಗೂ ತೆರಿಗೆ ವಿನಾಯಿತಿ ಕೊಡಿಸುವ 12ಎ, 80ಜಿ ನೋಂದಣಿ, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ, ಮೇಲೆ ಅದೇ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. ಹೆಚ್ಚಿನ ಯುವಕ ಸಂಘಗಳು ಎಡವುವುದು ಇಲ್ಲೇ. ಒಂದು ರಾತ್ರಿಯ ಯಕ್ಷಗಾನಕ್ಕೆ ಕೊಟ್ಟ ಪ್ರಾಯೋಜಕತ್ವವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ವರ್ಷವಿಡೀ ಯಕ್ಷಗಾನ ಕಲಿಸುವ ಯೋಜನೆಗಾದರೆ ಸಾಂಪ್ರದಾಯಿಕ ಕಲೆಯ ಹೆಸರಿನಲ್ಲಿ ದಾರಿಯಿದೆ.

ಹಣ ಬಂದರೆ ಕಂಪನಿಗೂ ಊರಿಗೂ ಸಂಬಂಧ ಬೆಳೆದಂತೆಯೇ? ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಬಿಜಿನೆಸ್ ಸ್ಕೂಲ್ ಸಂಶೋಧಕಿ ಫ್ರಾನ್ಸಿಸ್ ಬೋವೆನ್ ಮತ್ತು ಸಂಗಡಿಗರು 2010ರಲ್ಲಿ ಇಂಥ ಸಂಬಂಧಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕೊಟ್ಟು ಕೈತೊಳೆಯುವುದು ಒಂದು, ಎರಡೂ ಕಡೆ ಮಾತಾಡುವುದು ಇನ್ನೊಂದು. ಮೂರನೆಯದರಲ್ಲಿ ಇಬ್ಬರೂ ಕೂಡಿ ಕಲಿಯುತ್ತಾರೆ, ನಿರ್ಧಾರವನ್ನೂ ಹಂಚಿಕೊಳ್ಳುತ್ತಾರೆ.

ಕಂಪನಿಯ ಸಿಎಸ್‌ಆರ್ ಅಧಿಕಾರಿ ಪಳಗುವುದೂ ಈ ಮೂರನೆಯದರಲ್ಲೇ. ಬೆಳಿಗ್ಗೆ ಹತ್ತಕ್ಕೆ ಮೀನು ಮಾರುವ ಹೆಂಗಸರಿಗೆ ತರಬೇತಿ ಇಟ್ಟರೆ ಖಾಲಿ ಕುರ್ಚಿಗೆ ಪಾಠ ಮಾಡಬೇಕಾಗುತ್ತದೆ, ಅವರು ಆಗ ಪೇಟೆಯಲ್ಲಿರುತ್ತಾರೆ. ಬೋಟಿನವರಿಗಾದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬಿಡುವಿದೆ. ಆದರೆ ಬಲೆ ರಿಪೇರಿಯೂ ಆಗಲೇ, ಹಾಗಾಗಿ ತರಬೇತಿಗೆ ದಿನ ಗೊತ್ತುಮಾಡುವ ಮುಂಚೆ ಬಂದರಿಗೆ ಹೋಗಿ ಕೇಳಬೇಕು. ವರ್ಗವಾಗಿ ಹೋಗುವ ಅಧಿಕಾರಿ ಇಷ್ಟನ್ನು ಬರೆದಿಟ್ಟು ಹೋಗದಿದ್ದರೆ, ಹೊಸಬರು ಮತ್ತೆ ಹತ್ತು ಗಂಟೆಗೇ ಕುರ್ಚಿ ಹಾಕಿಸುತ್ತಾರೆ.