ಪಾಸ್‌ಪೋರ್ಟಿನ ಹೆಸರು, ಅರ್ಜಿಯ ಹೆಸರು

ಜಯನಗರದ ನನ್ನ ಕಚೇರಿಗೆ ಬರುವವರಲ್ಲಿ ಹಲವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: ‘ಶ್ರೀಲಂಕಾಕ್ಕೆ ವೀಸಾ ಬೇಕಾಗಿಲ್ಲವಂತೆ, ಹೌದೇ ಸಾರ್?’ ಪಾಸ್‌ಪೋರ್ಟನ್ನು ದೂತಾವಾಸಕ್ಕೆ ಕಳುಹಿಸಿ ಸ್ಟಿಕರ್ ಅಂಟಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ನಿಜ. ಆದರೆ ಹೊರಡುವ ಮುನ್ನ ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು, ಅಂದರೆ ಎಲ್ಲರೂ ಇಟಿಎ ಎಂದು ಕರೆಯುವುದನ್ನು, ಪಡೆದಿರಬೇಕು. 2012ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ 30 ದಿನಗಳ ವಾಸಕ್ಕೆ, ಎರಡು ಸಲದ ಪ್ರವೇಶಕ್ಕೆ ಅನುಮತಿ ಸಿಗುತ್ತದೆ. 2023ರ ನವೆಂಬರಿನಲ್ಲಿ ಆ ದೇಶ ಭಾರತವೂ ಸೇರಿದಂತೆ ಏಳು ದೇಶಗಳವರಿಗೆ ಶುಲ್ಕವನ್ನು ಮನ್ನಾ ಮಾಡಿತು. 2024ರಲ್ಲಿ ಅರ್ಜಿಯ ಜಾಲತಾಣವನ್ನೇ ಬದಲಿಸಿ, ಅಲ್ಲಿನ ಸುಪ್ರೀಂ ಕೋರ್ಟ್ ತಡೆ ನೀಡಿದ ಮೇಲೆ ಹಳೆಯದಕ್ಕೆ ಮರಳಿತು. ಹೀಗಿರುವಾಗ ಕಳೆದ ವರ್ಷ ಹೋಗಿಬಂದ ಭಾವಮೈದುನನ ಅನುಭವವನ್ನು ನಂಬಿ ಈ ವರ್ಷ ಹೊರಡುವುದು ಜಾಣತನವಲ್ಲ. ಶುಲ್ಕ ಮನ್ನಾ ಆಯಿತೆಂದರೆ ಅರ್ಜಿಯೂ ಮನ್ನಾ ಆಯಿತು ಎಂದು ತಿಳಿದುಕೊಂಡವರನ್ನೂ ನಾನು ಕಂಡಿದ್ದೇನೆ.

ಈ ಅನುಮತಿಯ ಮೊದಲ ಪರೀಕ್ಷೆ ನಡೆಯುವುದು ಕೊಲಂಬೊದಲ್ಲಲ್ಲ, ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನ ಚೆಕ್-ಇನ್ ಕೌಂಟರಿನಲ್ಲಿ. ಪ್ರವೇಶಕ್ಕೆ ಅರ್ಹರಲ್ಲದವರನ್ನು ಕರೆದೊಯ್ದರೆ ಅವರನ್ನು ಮರಳಿ ತರುವ ಹೊಣೆ ವಿಮಾನಯಾನ ಸಂಸ್ಥೆಯ ಮೇಲೆಯೇ ಬೀಳುವುದರಿಂದ, ಕೌಂಟರಿನಲ್ಲಿರುವವರು ಪಾಸ್‌ಪೋರ್ಟನ್ನೂ ಅನುಮತಿ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಅಲ್ಲಿ ತಡೆಯಲ್ಪಡುವವರಲ್ಲಿ ಅರ್ಜಿಯನ್ನೇ ಹಾಕದವರು ಕೆಲವರಾದರೆ, ಹಾಕಿದ ಅರ್ಜಿಯಲ್ಲಿ ಹೆಸರನ್ನು ತಪ್ಪಾಗಿ ತುಂಬಿದವರು ಇನ್ನು ಕೆಲವರು.

ಹೆಸರಿನ ತೊಡಕು ನಮ್ಮವರಿಗೆ ವಿಶೇಷವಾಗಿ ಕಾಡುವಂಥದ್ದು. ಮಂಜುನಾಥ ಎಂಬುವರೊಬ್ಬರನ್ನು ಊಹಿಸಿಕೊಳ್ಳಿ. ಶಾಲೆಯ ದಾಖಲೆಯಲ್ಲಿ ಅವರು ಎಚ್. ಎಸ್. ಮಂಜುನಾಥ, ಆಧಾರ್ ಕಾರ್ಡಿನಲ್ಲಿ ಇನಿಷಿಯಲ್‌ಗಳು ಹೆಸರಿನ ಹಿಂದಕ್ಕೆ ಹೋಗಿವೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾದ್ದರಿಂದ ಊರಿನ ಹೆಸರಾದ ಹೊಳೆನರಸೀಪುರವೂ ತಂದೆಯ ಹೆಸರಾದ ಶ್ರೀನಿವಾಸವೂ ಸರ್‌ನೇಮ್ ಜಾಗಕ್ಕೆ ಬಂದು ಕುಳಿತಿವೆ. ಅವರು ಟಿಕೆಟ್ ಕಾಯ್ದಿರಿಸುವುದು ಆಧಾರ್ ನೋಡಿಕೊಂಡು, ಇಟಿಎ ಅರ್ಜಿ ತುಂಬುವುದು ನೆನಪಿನಿಂದ. ಇಂಗ್ಲಿಷಿನಲ್ಲಿ ಬರೆಯುವಾಗ ಮಂಜುನಾಥನ ಕೊನೆಗೆ ‘ಎ’ ಅಕ್ಷರ ಇದೆಯೋ ಇಲ್ಲವೋ ಎಂಬುದು ಸ್ವತಃ ಮಂಜುನಾಥರಿಗೇ ಖಚಿತವಿರುವುದಿಲ್ಲ. ನಮ್ಮ ನಡುವೆ ಇವೆಲ್ಲವೂ ಒಬ್ಬನೇ ಮನುಷ್ಯ; ಕಂಪ್ಯೂಟರಿಗೆ ಮೂವರು.

ಆದ್ದರಿಂದ ನಾನು ಎಲ್ಲರಿಗೂ ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಕೆಳಭಾಗವನ್ನು ತೋರಿಸುತ್ತೇನೆ. ಅಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿವೆ; ಯಂತ್ರ ಓದುವುದು ಅವನ್ನೇ. ಮೊದಲ ಸಾಲಿನಲ್ಲಿ ದೇಶದ ಸಂಕೇತದ ನಂತರ ಸರ್‌ನೇಮ್, ಆಮೇಲೆ ಬಾಣದ ಮೊನೆಯಂಥ ಎರಡು ಗುರುತುಗಳು, ಅನಂತರ ಗಿವನ್ ನೇಮ್ ಇರುತ್ತವೆ. ಅರ್ಜಿಯನ್ನೂ ಟಿಕೆಟ್ಟನ್ನೂ ಅದಕ್ಕೆ ಹೊಂದಿಸಬೇಕೇ ಹೊರತು ಮದುವೆಯ ಆಮಂತ್ರಣ ಪತ್ರಿಕೆಗಲ್ಲ. ಸರ್‌ನೇಮ್ ಜಾಗ ಖಾಲಿ ಇರುವವರಿಗೆ ಒಂದೇ ಉತ್ತರವಿಲ್ಲ: ಆ ಜಾಗವನ್ನು ಹೇಗೆ ತುಂಬಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಆಯಾ ಜಾಲತಾಣದ ಸೂಚನೆಯನ್ನು ಓದಿಯೇ ತುಂಬಬೇಕು. ಯುಎಇ 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿನಲ್ಲಿ ಭೇಟಿ ವೀಸಾದ ಮೇಲೆ ಬರುವವರನ್ನು ಒಪ್ಪುವುದನ್ನು ನಿಲ್ಲಿಸಿ, ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಮಾತ್ರ ವಿನಾಯಿತಿ ಕೊಟ್ಟಿತು. ದುಬೈಗೆ ಪದೇ ಪದೇ ಹೋಗಬೇಕಾದವರು ಲಾಲ್‌ಬಾಗ್ ರಸ್ತೆಯ ಅಥವಾ ಮಾರತ್ತಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೆಸರನ್ನು ಒಮ್ಮೆ ಸರಿಪಡಿಸಿಕೊಂಡುಬಿಡುವುದೇ ಲೇಸು.

ಪಾಸ್‌ಪೋರ್ಟಿನ ಸಂಖ್ಯೆಯಲ್ಲಿ ಮೊದಲನೆಯದು ಅಕ್ಷರ, ಉಳಿದ ಏಳು ಅಂಕಿಗಳು. ಸೊನ್ನೆಯ ಬದಲು ‘ಓ’ ಅಕ್ಷರ ಒತ್ತಿದರೆ ಅನುಮತಿ ಇನ್ಯಾವುದೋ ಪಾಸ್‌ಪೋರ್ಟಿಗೆ ಸಿಕ್ಕಂತೆ. ಅನುಮತಿ ಪಡೆದ ಮೇಲೆ ಪಾಸ್‌ಪೋರ್ಟ್ ಬದಲಾದರೆ ಹೊಸದಾಗಿ ಅರ್ಜಿ ಹಾಕಬೇಕು. ಅವಧಿ ಮುಗಿಯಲು ಆರು ತಿಂಗಳಾದರೂ ಉಳಿದಿರಬೇಕೆಂಬ ನಿಯಮದಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಮಕ್ಕಳ ಪಾಸ್‌ಪೋರ್ಟ್, ಏಕೆಂದರೆ ಅದರ ಆಯುಷ್ಯ ಐದೇ ವರ್ಷ. ಕೈಗೂಸಿಗೂ ಪ್ರತ್ಯೇಕ ಅರ್ಜಿ ಬೇಕು.

ಹಣ ಕಟ್ಟುವ ಹಂತದಲ್ಲಿ ಎರಡು ಎಚ್ಚರಿಕೆಗಳಿವೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆಯೇ ಕಾಣುವ ಜಾಹೀರಾತಿನ ಜಾಲತಾಣಗಳು ಸರ್ಕಾರಿ ಲಾಂಛನದಂಥದ್ದನ್ನು ಹಾಕಿಕೊಂಡು ಹಲವು ಪಟ್ಟು ಹಣ ವಸೂಲಿ ಮಾಡುತ್ತವೆ. ಶ್ರೀಲಂಕಾದ ಅಸಲಿ ವಿಳಾಸ ‘ಗವ್ ಡಾಟ್ ಎಲ್‌ಕೆ’ ಎಂದೇ ಮುಗಿಯುತ್ತದೆ. ವಿಯೆಟ್ನಾಮಿನ ಇ-ವೀಸಾಕ್ಕೆ ಒಂದು ಸಲದ ಪ್ರವೇಶಕ್ಕಾದರೆ 25 ಡಾಲರ್. ಅರ್ಜಿ ತಪ್ಪಾದರೂ ಅದು ವಾಪಸು ಬರುವುದಿಲ್ಲ. ಎರಡನೆಯದಾಗಿ, ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2020ರ ಮಾರ್ಚ್‌ನಿಂದ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶಿ ವ್ಯವಹಾರದ ಸೌಲಭ್ಯವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆದುಕೊಳ್ಳಬೇಕು. ಪಾವತಿ ವಿಫಲವಾಯಿತೆಂದು ಜಾಲತಾಣವನ್ನು ಬೈಯುವವರ ಕಾರ್ಡ್ ನೋಡಿದರೆ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ.

ವಿದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಇನ್ನೊಂದು ಗೊಂದಲ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗ 2025ರ ಜನವರಿಯಿಂದ ಬ್ರಿಟನ್ನಿಗೆ ಹೋಗಲು ಇಟಿಎ ಪಡೆಯಬೇಕು. ಅವನ ಜೊತೆಗೆ ಅದೇ ವಿಮಾನದಲ್ಲಿ ಹೊರಟ, ಭಾರತೀಯ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಬೆರಳಚ್ಚು ಕೊಟ್ಟು ಪಡೆಯುವ ವೀಸಾವೇ ಆಗಬೇಕು. ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಬಲ್ಲ ದೇಶಗಳವರು ಪಡೆಯುವ ಎಸ್ಟಾ ಎಂಬ ಅನುಮತಿ ಕೂಡ ನಮಗಲ್ಲ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಭಾರತಕ್ಕೆ ಬರುವುದಕ್ಕೆ ಮಾತ್ರ ಉಪಯೋಗ. ಅದನ್ನು ತೋರಿಸಿ ಕೊಲಂಬೊದಲ್ಲಿ ಇಳಿಯಲಾಗದು.

ವೀಸಾ ಬೇಡದ ದೇಶಗಳಲ್ಲೂ ಈಗ ಅರ್ಜಿಯುಂಟು. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡನ್ನು, ಅಂದರೆ ಆಗಮನದ ವಿವರಗಳನ್ನು ಆನ್‌ಲೈನಿನಲ್ಲಿ ತುಂಬುವ ಅರ್ಜಿಯನ್ನು, ಕಡ್ಡಾಯಗೊಳಿಸಿದೆ. ಮಲೇಷ್ಯಾದಲ್ಲೂ ಅಂಥದ್ದೇ ಇದೆ. ಎರಡಕ್ಕೂ ಶುಲ್ಕವಿಲ್ಲ, ಹಣ ಕೇಳಿದ ಜಾಲತಾಣ ಸರ್ಕಾರದ್ದಲ್ಲ. ಇವನ್ನು ತುಂಬಬೇಕಾದದ್ದು ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳಲ್ಲಿ. ಹಾಗಾಗಿ ಇಟಿಎ ಅರ್ಜಿಯನ್ನು ಟಿಕೆಟ್ ಕೈಸೇರಿದ ವಾರದಲ್ಲೇ ಮುಗಿಸಿ, ಅರೈವಲ್ ಕಾರ್ಡಿಗೆ ಬ್ಯಾಗ್ ತುಂಬುವ ದಿನ ಕೂರುವಂತೆ ನಾನು ಹೇಳುತ್ತೇನೆ. ಎರಡನ್ನೂ ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ; ಕೌಂಟರಿನ ಮುಂದೆ ಮೊಬೈಲಿನ ಬ್ಯಾಟರಿ ಮುಗಿದವರನ್ನೂ ನೋಡಿದ್ದೇನೆ.