ಮೊದಲ ತಮಾಷೆ ರೋಗಿಯದೇ ಆಗಿರಲಿ

ಕೀಮೋಥೆರಪಿಯ ಔಷಧಗಳಲ್ಲಿ ಡಾಕ್ಸೋರುಬಿಸಿನ್ ಎಂಬುದೊಂದಿದೆ. ಬಣ್ಣ ಅಚ್ಚ ಕೆಂಪು. ಅದನ್ನು ಪಡೆದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗಬಹುದು. ಅದು ರಕ್ತವಲ್ಲ, ಔಷಧದ ಬಣ್ಣ. ಇದನ್ನು ಮೊದಲೇ ತಿಳಿಸಿದ್ದರೂ, ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಬರುತ್ತಿದ್ದ ಮಹಿಳೆಯೊಬ್ಬರ ಪತಿ ಅಂದು ರಾತ್ರಿ ಬೆದರಿ ವಾರ್ಡಿಗೆ ಫೋನ್ ಮಾಡಿದ್ದರು. ಮುಂದಿನ ಭೇಟಿಯಲ್ಲಿ ಆಕೆಯೇ ಅದನ್ನು ಎತ್ತಿದರು: "ಔಷಧ ಏರಿಸಿದ್ದು ನನಗೆ, ಮುಖದ ಬಣ್ಣ ಇಳಿದದ್ದು ಇವರಿಗೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ, ಅದುವರೆಗೆ ನನ್ನೆದುರು ಎರಡು ಮಾತಿಗಿಂತ ಹೆಚ್ಚು ಆಡದಿದ್ದ ಆ ಪತಿ, "ಆ ರಾತ್ರಿ ನಿನ್ನನ್ನು ಕಳೆದುಕೊಂಡೆ ಎಂದೇ ಅಂದುಕೊಂಡಿದ್ದೆ" ಎಂದರು. ಮೂರು ಭೇಟಿಗಳಲ್ಲಿ ನನ್ನ ಯಾವ ಪ್ರಶ್ನೆಗೂ ಹೊರಬರದಿದ್ದ ಮಾತು ಅದು.

ಕ್ಯಾನ್ಸರ್ ವಾರ್ಡಿನ ಆಪ್ತಸಮಾಲೋಚಕಿಯಾಗಿ ನಾನು ಹೆಚ್ಚು ಕಾಣುವುದು ಜಗಳವಾಡುವ ದಂಪತಿಯನ್ನಲ್ಲ, ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಮೌನವಾದವರನ್ನು. ಆಕೆ ನೋವನ್ನು ಮುಚ್ಚಿಡುತ್ತಾರೆ, ಆತ ಭಯವನ್ನು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕಾಯ್ನ್ ಮತ್ತು ಅವರ ಸಹೋದ್ಯೋಗಿ 1991ರಲ್ಲಿ ಹೃದಯಾಘಾತವಾದವರ ಪತ್ನಿಯರನ್ನು ಕುರಿತ ಅಧ್ಯಯನದಲ್ಲಿ ಈ ಬಗೆಯ ಮುಚ್ಚಿಡುವಿಕೆಯನ್ನು ಗುರುತಿಸಿದ್ದರು. ಹಾಗೆ ಅದುಮಿಟ್ಟವರ ಸಂಕಟವೇ ಹೆಚ್ಚಾಗಿತ್ತು. ಕ್ಯಾನ್ಸರ್ ಬಂದ ಮನೆಯಲ್ಲೂ ನಡೆಯುವುದು ಅದೇ. ತಮಾಷೆ ಆ ಮೌನದ ಬಾಗಿಲನ್ನು ತುಸು ಸರಿಸುತ್ತದೆ. ನಾನು ಅದಕ್ಕೆ ಬೆಲೆ ಕೊಡುವುದು ಇದೊಂದೇ ಕಾರಣಕ್ಕೆ. ನಗುವಿನಿಂದ ಗಡ್ಡೆ ಕರಗುವುದಿಲ್ಲ. ಹಾಗೆಂದು ಹೇಳುವವರ ಮಾತನ್ನು ದಯವಿಟ್ಟು ನಂಬಬೇಡಿ. 1977ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿಯೇ ಮನೋವೈದ್ಯಕೀಯ ವಿಭಾಗ ಕಟ್ಟಿದ ಜಿಮ್ಮಿ ಹಾಲೆಂಡ್, 'ಸದಾ ಧನಾತ್ಮಕವಾಗಿರು' ಎಂಬ ಒತ್ತಾಯವನ್ನು ದಬ್ಬಾಳಿಕೆ ಎಂದೇ ಕರೆದರು. ಅಳು ಬಂದವರನ್ನು ನಗಿಸಲೇಬೇಕೆಂದು ಹಟ ಹಿಡಿಯುವುದೂ ಆ ದಬ್ಬಾಳಿಕೆಯೇ.

ನಾನು ದಂಪತಿಗೆ ಹೇಳುವ ನಿಯಮ ಒಂದೇ: ಕಾಯಿಲೆಯ ಬಗ್ಗೆ ಮೊದಲ ತಮಾಷೆ ಮಾಡುವ ಹಕ್ಕು ಕಾಯಿಲೆ ಇರುವವರದು. ಇದನ್ನು ನನಗೆ ಕಲಿಸಿದ್ದು ಇನ್ನೊಂದು ಜೋಡಿ. ಕೂದಲು ಉದುರಿಸುವ ಔಷಧವಾದರೆ ಮೊದಲ ಸುತ್ತಿನ ಎರಡು ಮೂರು ವಾರಗಳಲ್ಲಿ ದಿಂಬಿನ ಮೇಲೆ ಎಳೆಗಳು ಕಾಣತೊಡಗುತ್ತವೆ. ಪತಿ ಆಕೆಗೆ ತಿಳಿಸದೆ ತಾನೂ ತಲೆ ಬೋಳಿಸಿಕೊಂಡು ನಗುತ್ತಾ ಬಂದು ನಿಂತರು. ಉದ್ದೇಶದಲ್ಲಿ ಕಿಂಚಿತ್ತೂ ದೋಷವಿರಲಿಲ್ಲ. ಆಕೆ ಮಾತ್ರ, "ನನ್ನ ಕೂದಲಿಗೆ ನಾನಿನ್ನೂ ಅತ್ತೇ ಇಲ್ಲ, ಆಗಲೇ ನಗಬೇಕೇ?" ಎಂದು ಕೋಣೆ ಸೇರಿಕೊಂಡರು. ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ಕೂದಲು ಮತ್ತೆ ಬಂತು, ಕೆಲವರಿಗೆ ಆಗುವಂತೆ ಗುಂಗುರಾಗಿ. ಆಗ ಆಕೆಯೇ, "ಇವರು ಮದುವೆಯಾದದ್ದು ನೇರ ಕೂದಲಿನವಳನ್ನು, ಈಗ ಬೇರೆ ಯಾರನ್ನೋ ಕರೆದುಕೊಂಡು ತಿರುಗುತ್ತಿದ್ದಾರೆ" ಎಂದರು. ಆ ಪತಿ ಅಂದು ನಕ್ಕ ನಗುವಿನಲ್ಲಿ ಎಷ್ಟು ತಿಂಗಳ ಕಾಯುವಿಕೆ ಇತ್ತೋ!

ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹಲವರ ನಿದ್ದೆ ಕೆಡಿಸುತ್ತದೆ. ನಡುರಾತ್ರಿ ಎದ್ದು ಕಪಾಟು ಜೋಡಿಸುವವರಿದ್ದಾರೆ. ಇಂಥ ರಾತ್ರಿಗಳಿಗೆ ದಂಪತಿ ತಮ್ಮಲ್ಲೇ ಒಂದು ಹೆಸರಿಟ್ಟುಕೊಂಡರೆ, ಮರುದಿನದ ಸಿಡಿಮಿಡಿಗೆ ಕಾರಣ ವಿವರಿಸಬೇಕಾಗುವುದಿಲ್ಲ. ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನೂ ಕೇಳಿ.

ತಮಾಷೆ ಅಪಾಯವಾಗುವುದೂ ಉಂಟು. ಕೀಮೋ ಪಡೆದ ಸುಮಾರು 7ರಿಂದ 14 ದಿನಗಳ ನಡುವೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್ ಜ್ವರವೆಂದರೆ ತುರ್ತು ಸ್ಥಿತಿ. ಹಾಸ್ಯಪ್ರವೃತ್ತಿಯ ಹಿರಿಯರೊಬ್ಬರು, "ನಾನು ಹುಟ್ಟಿದಾಗಿನಿಂದಲೂ ಬಿಸಿ ಮನುಷ್ಯ" ಎಂದು ಜ್ವರವನ್ನು ತಳ್ಳಿಹಾಕಿದರು. ಪತ್ನಿಯೂ ನಕ್ಕು ಸುಮ್ಮನಾದರು. ಬೆಳಗಾಗುವಷ್ಟರಲ್ಲಿ ಅವರನ್ನು ದಾಖಲಿಸಬೇಕಾಯಿತು. ಮನೆಮಂದಿಯನ್ನು ಸದಾ ನಗಿಸುವ ರೋಗಿಯ ಮೇಲೆ ನಾನು ಹೆಚ್ಚು ಕಣ್ಣಿಟ್ಟಿರುತ್ತೇನೆ. ಅವರು 'ಚೆನ್ನಾಗಿದ್ದೇನೆ' ಎಂದಾಗ, ಎರಡನೆಯ ಸಲ ಕೇಳಬೇಕು.

ಚೇತರಿಕೆಯ ಕಾಲ ನನಗೆ ಚಿಕಿತ್ಸೆಗಿಂತ ಸೂಕ್ಷ್ಮವಾಗಿ ಕಾಣುತ್ತದೆ. ಕೊನೆಯ ಡೋಸ್ ಮುಗಿದ ದಿನ ಎಲ್ಲರೂ ಸಂಭ್ರಮಿಸುತ್ತಾರೆ. ದಣಿವು ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಈ ದಣಿವು ನಿದ್ದೆಯಿಂದ ತೀರುವಂಥದ್ದಲ್ಲ, ಹಗುರವಾದ ನಡಿಗೆಯಿಂದ ತುಸು ತಗ್ಗುತ್ತದೆ. ಮರೆವೂ ಕಾಡುತ್ತದೆ. ಮರೆತದ್ದಕ್ಕೆ ಪತ್ನಿ ತಾನೇ ನಕ್ಕರೆ ಜೊತೆಗೆ ನಗಿ; ಬಂಧುಗಳ ಮುಂದೆ ಅದನ್ನೇ ಕಥೆ ಮಾಡಿ ಹೇಳಬೇಡಿ.

ಕೆಂಪು ಔಷಧದ ಆ ದಂಪತಿ ಈಗ ತಪಾಸಣೆಗಷ್ಟೇ ಬರುತ್ತಾರೆ. ಸ್ಕ್ಯಾನ್‌ನ ಹಿಂದಿನ ಸಂಜೆಯಿಂದ ವರದಿ ಕೈಸೇರುವವರೆಗೆ ತಮಾಷೆ ಬೇಡ ಎಂಬುದು ಅವರದೇ ಒಪ್ಪಂದ. ಕಳೆದ ಸಲ ಬೆಂಚಿನ ಮೇಲೆ ಕೈ ಕೈ ಹಿಡಿದು ಕುಳಿತಿದ್ದರು. ನಾನು ಹತ್ತಿರ ಹೋದಾಗ ಆಕೆ ತಗ್ಗಿದ ದನಿಯಲ್ಲಿ, "ಈಗ ಮಾತಾಡಿಸಬೇಡಿ, ಇಬ್ಬರೂ ಹೆದರಿದ್ದೇವೆ" ಎಂದರು. ನಾನು ಪಕ್ಕದಲ್ಲಿ ಕುಳಿತುಕೊಂಡೆ.