ಲಿಂಗನಮಕ್ಕಿಯ ಒಂದು ಟಿಎಂಸಿ ನೀರಿಗೆ ಎಷ್ಟು ಯೂನಿಟ್?

ಜಲವಿದ್ಯುತ್ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ನೀರೆಷ್ಟಿದೆ ಎಂದು ನೋಡುತ್ತಾರೆ, ಅದು ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದನ್ನು ಬಿಡುತ್ತಾರೆ.

ಶರಾವತಿಗೆ ಅಡ್ಡಲಾಗಿ ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದರ ಬುಡದ ವಿದ್ಯುದಾಗಾರದ ಸಾಮರ್ಥ್ಯ ಮಾತ್ರ 55 ಮೆಗಾವ್ಯಾಟ್. ಅಲ್ಲಿ ಹೊರಬಿದ್ದ ನೀರು ಕಾಲುವೆಯಲ್ಲಿ ತಳಕಳಲೆ ಸಮತೋಲನ ಜಲಾಶಯ ಸೇರಿ, ಪೆನ್‌ಸ್ಟಾಕ್‌ಗಳಲ್ಲಿ (ಒತ್ತಡದ ದಪ್ಪ ಕೊಳವೆಗಳಲ್ಲಿ) ಘಟ್ಟದ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿ 103.5 ಮೆಗಾವ್ಯಾಟ್‌ನ 10 ಘಟಕಗಳಿವೆ, ಒಟ್ಟು 1,035.

ಸೂತ್ರ: ಕಿಲೋವ್ಯಾಟ್ = 9.81 × ಹರಿವು (ಸೆಕೆಂಡಿಗೆ ಘನ ಮೀಟರ್) × ಎತ್ತರ (ಮೀಟರ್) × ದಕ್ಷತೆ.

ಎತ್ತರ 440, ದಕ್ಷತೆ 0.88 ಎಂದು ಹಿಡಿದರೆ ಒಂದು ಘಟಕಕ್ಕೆ ಸೆಕೆಂಡಿಗೆ 27 ಘನ ಮೀಟರ್, ಅಂದರೆ ಸುಮಾರು 960 ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ) ನೀರು ಬೇಕು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಇದೇ ಲೆಕ್ಕದಲ್ಲಿ ಅದರಿಂದ ಸಿಗುವುದು ಹತ್ತಿರ ಹತ್ತಿರ 3 ಕೋಟಿ ಯೂನಿಟ್ (ಕಿಲೋವ್ಯಾಟ್ ಗಂಟೆ). ಅಷ್ಟೇ ನೀರು 44 ಮೀಟರ್ ಇಳಿದರೆ 30 ಲಕ್ಷ ಮಾತ್ರ.

ಮಟ್ಟವನ್ನು ಅಡಿಯಲ್ಲಿ ಓದುವಾಗಲೂ ಎಚ್ಚರ ಬೇಕು. ಜಲಾಶಯ ಬಾಣಲೆಯಂತೆ, ಮೇಲೇರಿದಷ್ಟೂ ಅಗಲ. ತುಂಬಿದಾಗ ಹರವು ಸುಮಾರು 300 ಚದರ ಕಿ.ಮೀ.; ಮೇಲಿನ ಒಂದೇ ಅಡಿಯಲ್ಲಿ 3 ಟಿಎಂಸಿಗೂ ಹೆಚ್ಚು ನೀರಿರುತ್ತದೆ. ತಳದ ಒಂದು ಅಡಿಯಲ್ಲಿ ಅದರ ಸಣ್ಣ ಪಾಲು. (ಬೇಸಿಗೆಯಲ್ಲಿ ನೀರಿಳಿದಾಗ ತಲೆ ಎತ್ತುವ, ಮುಳುಗಿದ ಹಳೆಯ ಮಡೆನೂರು ಅಣೆಕಟ್ಟೆಯನ್ನು ಕಂಡವರಿಗೆ ಎಷ್ಟು ನೆಲ, ಎಷ್ಟು ಊರು ನೀರಿನಡಿ ಇವೆ ಎಂಬುದು ಮನಸ್ಸಿಗೆ ನಾಟುತ್ತದೆ.)

ಅಣೆಕಟ್ಟೆಯ ಮೇಲ್ಭಾಗದ 11 ಕ್ರೆಸ್ಟ್ ಗೇಟ್‌ಗಳಿಂದ ಬಿಟ್ಟ ನೀರು ತಳಕಳಲೆಗೆ ಹೋಗುವುದಿಲ್ಲ. ನದಿಯಲ್ಲೇ ಹರಿದು ಜೋಗದಲ್ಲಿ ಧುಮುಕುತ್ತದೆ. ಶರಾವತಿ ವಿದ್ಯುದಾಗಾರದ 440 ಮೀಟರ್ ಕೈತಪ್ಪಿ, ಕೆಳಗೆ ಗೇರುಸೊಪ್ಪ ವಿದ್ಯುದಾಗಾರದಲ್ಲಿ ಒಂದಿಷ್ಟು ವಿದ್ಯುತ್ ಸಿಗುತ್ತದೆ. ಜೋಗ ಭೋರ್ಗರೆವ ದಿನ ವಿದ್ಯುತ್ ಹೆಚ್ಚುತ್ತದೆ ಎಂದು ಬರೆದರೆ ತಪ್ಪು.

ಇಷ್ಟು ಎತ್ತರಕ್ಕೆ ಪೆಲ್ಟನ್ ಚಕ್ರವೇ (ನಳಿಕೆಯಿಂದ ಚಿಮ್ಮುವ ನೀರಿನ ಧಾರೆ ಅಂಚಿನ ಬಕೆಟ್‌ಗಳಿಗೆ ಬಡಿದು ತಿರುಗುವ ಟರ್ಬೈನ್) ಸರಿ. ಲೈನ್ ಟ್ರಿಪ್ ಆಗಿ ಲೋಡ್ ಹಠಾತ್ತನೆ ಹೋದರೆ ಚಕ್ರದ ವೇಗ ವಿಪರೀತ ಏರುತ್ತದೆ. ಹಾಗೆಂದು ಧಾರೆಯನ್ನು ಹತೋಟಿಯಲ್ಲಿಡುವ ನಳಿಕೆಯ ಸೂಜಿಯನ್ನು ಥಟ್ಟನೆ ಮುಚ್ಚುವಂತಿಲ್ಲ: ಕೊಳವೆಯಲ್ಲಿ ಓಡುತ್ತಿರುವ ನೀರಿನ ರಾಶಿ ಒಮ್ಮೆಲೇ ನಿಂತರೆ ಒತ್ತಡ ಹಿಮ್ಮುಖವಾಗಿ ಬಡಿದು ಪೆನ್‌ಸ್ಟಾಕ್ ಸೀಳಬಹುದು. ಆದ್ದರಿಂದ ಮೊದಲು ಡಿಫ್ಲೆಕ್ಟರ್ ತಟ್ಟೆ ನೀರಿನ ಧಾರೆಯನ್ನು ಬಕೆಟ್‌ಗಳಿಂದ ಪಕ್ಕಕ್ಕೆ ತಿರುಗಿಸುತ್ತದೆ. ಸೂಜಿ ಆಮೇಲೆ, ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.